ಅಪ್ಪಣೆಯ ಬರಹ: ಮೂವರು ಕನ್ಯಾಸ್ತ್ರೀಯರ ಆತ್ಮಕಥನಗಳು

೧

ಆತ್ಮಕಥೆಯೆಂಬುದು ತಾನಾಗಿಯೇ ಹುಟ್ಟತಕ್ಕ ಬರಹವೆಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಬಾಳಿನಲ್ಲಿ ಕಂಡುದನ್ನೂ ಉಂಡುದನ್ನೂ ನಾಲ್ಕು ಜನಕ್ಕೆ ಹೇಳಬೇಕೆಂಬ ಹಂಬಲವು ಒಳಗಿನಿಂದ ಒತ್ತಿ ಬಂದಲ್ಲದೆ ಯಾರೂ ತಮ್ಮ ಕಥೆಯನ್ನು ತಾವು ಬರೆಯಲು ಕುಳಿತುಕೊಳ್ಳರು. ಪರರ ಒತ್ತಾಯಕ್ಕೆ ಬರೆದುದು ಹೇಳಿಕೆಯಾದೀತೇ ಹೊರತು ಸಾಹಿತ್ಯವಾಗದು. ಇದು ನಮ್ಮ ಎಣಿಕೆ. ಈ ಎಣಿಕೆಯನ್ನು ತಲೆಕೆಳಗು ಮಾಡುವ ಒಂದು ಗ್ರಂಥಪರಂಪರೆಯು ಕ್ಯಾಥೊಲಿಕ್ ಕ್ರೈಸ್ತರ ಮಠಗಳಲ್ಲಿ ಬೆಳೆದುಬಂದಿದೆ. ಅಲ್ಲಿಯ ಕನ್ಯಾಸ್ತ್ರೀಯರು ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಹಿಡಿದವರು. ಇವುಗಳಲ್ಲಿ ಮೊದಲಿನ ಎರಡು ನಮ್ಮ ದೇಶದವರಿಗೂ ಪರಿಚಿತವಾದುವು. ಮೂರನೆಯದೇ ಕಠಿನವಾದುದು. ವಿಧೇಯತೆಯ ವ್ರತವನ್ನು ಹಿಡಿದವಳಿಗೆ ತನ್ನದೆಂಬ ಇಚ್ಛೆಯಿರಕೂಡದು. ತನ್ನ ಮಾತನ್ನು ತಾನು ದೊಡ್ಡದಾಗಿ ಎಣಿಸಕೂಡದು. ಅಂಥವಳು 'ನಾನು' ಎಂದು ಬರೆಯತೊಡಗಬೇಕಾದರೆ ಮೇಲಿನವರೊಬ್ಬರು 'ಬರೆ' ಎಂದು ಅಪ್ಪಣೆ ಕೊಡಬೇಕು. ಹಾಗೆ ಅಪ್ಪಣೆಯಾದುದರಿಂದಲೇ ಹುಟ್ಟಿ, ಕಾಲವನ್ನು ಗೆದ್ದು ನಿಂತಿರುವ ಕೃತಿಗಳು ಕೆಲವಿವೆ.

ಅವುಗಳಲ್ಲಿ ಮೂರನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಒಂದು, ಸ್ಪೇನ್ ದೇಶದ ಆವಿಲಾ ಪಟ್ಟಣದ ತೆರೇಸಾ ೧೫೬೫ರಲ್ಲಿ ಮುಗಿಸಿದ ತನ್ನ ಜೀವನಗ್ರಂಥ. ಎರಡು, ಮೆಕ್ಸಿಕೋ ನಗರದ ಸೋರ್ ಹುವಾನಾ ಇನೆಸ್ ದೆ ಲಾ ಕ್ರೂಸ್ ಎಂಬವಳು ೧೬೯೧ರಲ್ಲಿ ಒಬ್ಬ ಬಿಷಪ್ಪರಿಗೆ ಬರೆದ ಉತ್ತರಪತ್ರ. ಮೂರು, ಫ್ರಾನ್ಸಿನ ಲಿಸ್ಯೂ ಊರಿನ ತೆರೇಸಾ ೧೮೯೫ರಿಂದ ೧೮೯೭ರ ವರೆಗೆ ಬರೆದ ಆತ್ಮಕಥನ. ಒಂದೇ ಹೆಸರಿನವರಾದ ಇಬ್ಬರನ್ನು ಹಿರಿಯ ತೆರೇಸಾ, ಕಿರಿಯ ತೆರೇಸಾ ಎಂದು ಕರೆಯುವೆವು.

ಇಂಥ ಕೃತಿಗಳನ್ನು ಓದುವವರಲ್ಲಿ ಎರಡು ಪಂಗಡಗಳುಂಟು. ಭಕ್ತರು ಇವುಗಳಲ್ಲಿ ಸಂತರ ವಿನಯವನ್ನು ಮಾತ್ರವೇ ಕಂಡು ಕೈಮುಗಿಯುತ್ತಾರೆ. ಈಚಿನ ವಿಮರ್ಶಕರಲ್ಲಿ ಹಲವರು ಆ ವಿನಯವೆಲ್ಲ ಹೊರವೇಷವೆಂದೂ, ಒಳಗೆ ಇರುವುದು ಬಂಡಾಯವೇ ಎಂದೂ ಹೇಳುತ್ತಾರೆ. ಎರಡು ಪಂಗಡದವರೂ ಬರಹವನ್ನು ಬಿಟ್ಟು ಬರೆದವಳ ಮನಸ್ಸಿನ ಮೇಲೆ ತೀರ್ಪು ಕೊಡುತ್ತಾರೆಂಬುದು ನಮ್ಮ ಆಕ್ಷೇಪ. ಅಪ್ಪಣೆಯೆಂಬುದು ಈ ಬರಹಗಳ ಹೊರಗಿನ ಸಂದರ್ಭ ಮಾತ್ರವಲ್ಲ; ಅವುಗಳ ಶೈಲಿಯನ್ನೂ ಕಟ್ಟನ್ನೂ ನಿರ್ಣಯಿಸಿದ ಒಳಗಿನ ಶಕ್ತಿ. ಅದು ಬರಹಗಾರ್ತಿಯ ಕೈಯನ್ನು ಕಟ್ಟಿತೇ ಬಿಚ್ಚಿತೇ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

೨

ಹಿರಿಯ ತೆರೇಸಾ ಹುಟ್ಟಿದ್ದು ೧೫೧೫ರಲ್ಲಿ. ತಾಯಿ ವೀರಯೋಧರ ಅದ್ಭುತಕಥೆಗಳನ್ನು ಓದುವ ಚಟದವಳು. ತಂದೆಗೆ ಅದು ಸೇರದು. ತಾಯಿಯೂ ಮಗಳೂ ಅವನ ಕಣ್ಣು ತಪ್ಪಿಸಿ ಓದುತ್ತಿದ್ದರು. ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಅಣ್ಣನೊಡನೆ ಸೇರಿ, ಮೂರರ ನಾಡಿಗೆ ಹೋಗಿ ಧರ್ಮಕ್ಕಾಗಿ ತಲೆ ಕೊಡುವೆವೆಂದು ಊರು ಬಿಟ್ಟು ಹೊರಟದ್ದನ್ನೂ, ಬಂಧುವೊಬ್ಬನು ಅವರನ್ನು ಹಿಡಿದು ಮನೆಗೆ ತಂದುದನ್ನೂ ಓದುವಾಗ ನಗು ಬರುತ್ತದೆ. ಈ ಹುಡುಗಿ ೧೫೩೫ರಲ್ಲಿ ಕಾರ್ಮೆಲ್ ಮಠವನ್ನು ಸೇರಿದಳು. ಭಯಂಕರವಾದ ರೋಗಕ್ಕೆ ತುತ್ತಾಗಿ, ಸತ್ತಳೆಂದೇ ತಿಳಿದು ಮಠದಲ್ಲಿ ಗೋರಿಯನ್ನು ತೋಡಿದ್ದರಂತೆ. ಎಚ್ಚರವಾದಾಗ ಕಣ್ಣಿನ ಮೇಲೆ ಶವಕ್ಕೆಂದು ಹನಿಸಿದ್ದ ಮೇಣವಿತ್ತು. ಇದನ್ನು ಅವಳು ಹೇಳುವ ರೀತಿ ನೋಡತಕ್ಕದ್ದು: ಅಳಲಿಲ್ಲ, ಬೆರಗಿಲ್ಲ, ನೆರೆಮನೆಯವರ ಸುದ್ದಿಯನ್ನು ಹೇಳಿದ ಹಾಗೆ ಹೇಳಿ ಮುಂದಕ್ಕೆ ಹೋಗುತ್ತಾಳೆ. ನಮ್ಮ ಆಲಂಕಾರಿಕರು ಸ್ವಭಾವೋಕ್ತಿಯೆಂದು ಕರೆದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಧ್ಯಾನದಲ್ಲಿ ಅವಳಿಗೆ ಅಸಾಧಾರಣವಾದ ಅನುಭವಗಳು ಉಂಟಾಗತೊಡಗಿದವು. ಅವು ದೈವದಿಂದ ಬಂದುವೋ ಸೈತಾನನ ಮಾಯೆಯೋ ಎಂಬ ಶಂಕೆ ಹುಟ್ಟಿತು. ಆ ಕಾಲದ ಸ್ಪೇನಿನಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಶಂಕೆ. ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾಸಭೆಯು ೧೫೫೯ರಲ್ಲಿ ದೇಶಭಾಷೆಯ ಅಧ್ಯಾತ್ಮಗ್ರಂಥಗಳಲ್ಲಿ ಅನೇಕವನ್ನು ನಿಷೇಧಿಸಿತು. ಲ್ಯಾಟಿನ್ ಬಾರದ ತೆರೇಸಳಿಗೆ ಓದುವುದಕ್ಕೆ ಪುಸ್ತಕವೇ ಇಲ್ಲದಂತಾಯಿತು. ಇಂಥ ಹೊತ್ತಿನಲ್ಲಿ ಪಾಪನಿವೇದನೆಯನ್ನು ಕೇಳುವ ಗುರುಗಳು ಅವಳಿಗೆ ಅಪ್ಪಣೆ ಮಾಡಿದರು: ನಿನಗೆ ಆದುದನ್ನೆಲ್ಲ ಬರೆದು ಕೊಡು, ನಾವು ಪರೀಕ್ಷಿಸಬೇಕು. ಎಂದರೆ ಈ ಗ್ರಂಥವು ಹುಟ್ಟಿದ್ದು ಆಪಾದಿತಳ ಹೇಳಿಕೆಯಾಗಿ. ನ್ಯಾಯಾಧಿಪತಿಗಳಿಗೆ ಬರೆದುಕೊಟ್ಟ ಕಾಗದವು ಲೋಕದ ಮಹಾಕೃತಿಗಳಲ್ಲಿ ಒಂದಾದದ್ದು ಹೇಗೆ?

ನಮಗೆ ತೋರುವ ಕಾರಣವಿದು. ವಿದ್ವಾಂಸರ ಪರಿಭಾಷೆಯನ್ನು ಬಳಸುವ ಅಧಿಕಾರ ಅವಳಿಗಿರಲಿಲ್ಲ. ಬಳಸಿದ್ದರೆ ತಪ್ಪು ಹಿಡಿಯುತ್ತಿದ್ದರು. ಆದುದರಿಂದ ತಾನು ಓದುಬಾರದ ಹೆಂಗಸು, ಹೋಲಿಕೆಯಿಲ್ಲದೆ ಹೇಳಲು ತಿಳಿಯದು ಎಂದು ಕ್ಷಮೆ ಬೇಡಿ, ಮನೆ ಹಿತ್ತಲಿನ ಹೋಲಿಕೆಗಳನ್ನೇ ಹಿಡಿಯುತ್ತಾಳೆ. ಪ್ರಾರ್ಥನೆಯ ನಾಲ್ಕು ಮೆಟ್ಟಿಲುಗಳನ್ನು ಹೇಳಬೇಕಾಗಿ ಬಂದಾಗ ಅವಳು ತೋಟಕ್ಕೆ ನೀರು ಹಾಯಿಸುವ ನಾಲ್ಕು ಬಗೆಗಳನ್ನು ಹೇಳುತ್ತಾಳೆ. ಮೊದಲನೆಯದು ಬಾವಿಯಿಂದ ಕೈಯಾರೆ ಸೇದಿ ಹೊಯ್ಯುವುದು. ದುಡಿಮೆ ಬಹಳ, ನೀರು ಸ್ವಲ್ಪ. ಎರಡನೆಯದು ಗಡಿಗೆಗಳನ್ನು ಕಟ್ಟಿದ ರಾಟೆಯನ್ನು ತಿರುಗಿಸಿ ಎತ್ತುವುದು. ದುಡಿಮೆ ತಗ್ಗಿ ನೀರು ಹೆಚ್ಚುತ್ತದೆ. ಮೂರನೆಯದು ಹೊಳೆಯಿಂದಲೋ ತೊರೆಯಿಂದಲೋ ಕಾಲುವೆ ತಂದು ಹಾಯಿಸುವುದು. ನೆಲ ತಾನೇ ನೆನೆಯುತ್ತದೆ. ನಾಲ್ಕನೆಯದು ಮಳೆ, ಅಲ್ಲಿ ತೋಟಗಾರನ ಕೆಲಸವೇ ಇಲ್ಲ. ಮಳೆಗೆ ಮುಗಿಲನ್ನು ನೋಡುವ ನಮ್ಮ ಬಯಲುಸೀಮೆಯ ಯಾವ ರೈತನಿಗಾದರೂ ಈ ಮಾತು ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಆವಿಲಾ ಸೀಮೆಯೂ ಒಣ ನೆಲವೇ. ಶಾಸ್ತ್ರಿಗಳು ಪುಟಗಟ್ಟಲೆ ಬರೆದು ತಿಳಿಸಲಾರದ 'ಪ್ರಯತ್ನ'ಕ್ಕೂ 'ಅನುಗ್ರಹ'ಕ್ಕೂ ಇರುವ ಸಂಬಂಧವು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಬಡತನವೇ ಒಡವೆಯಾದದ್ದು ಹೀಗೆ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಕಥೆಯ ನಡುವೆ ಈ ಪ್ರಾರ್ಥನೆಯ ವಿಚಾರವೇ ಹನ್ನೊಂದನೆಯ ಅಧ್ಯಾಯದಿಂದ ಇಪ್ಪತ್ತೆರಡನೆಯದರ ವರೆಗೆ ಹರಿದು ಕಥೆಯನ್ನು ಮರೆಸಿಬಿಡುತ್ತದೆ. ತಾನು ಪಾಪಿ, ತಾನು ನೀಚಳು ಎಂಬ ಹಲುಬು ಪದೇ ಪದೇ ಬಂದು ಬೇಸರ ಹುಟ್ಟಿಸುತ್ತದೆ. ಈ ಪುನರುಕ್ತಿಯನ್ನು ಭಕ್ತರು ವಿನಯವೆನ್ನುವರು, ಮಿಕ್ಕವರು ಉಪಾಯವೆನ್ನುವರು. ಅವಳ ಬರಹದಲ್ಲಿಯೇ ಉತ್ತರವಿದೆ. ಮಠವು ಬಡಮಠ, ಮಾಡುವ ಕೆಲಸ ಬಹಳ, ಬರೆಯುತ್ತ ಕುಳಿತರೆ ನೂಲುವುದಕ್ಕೆ ಅಡ್ಡಿಯಾಗುತ್ತದೆ ಎಂದು ಅವಳು ಗೊಣಗುವ ಕಡೆಯಲ್ಲಿ ವಿನಯವೂ ಉಪಾಯವೂ ಎರಡೂ ಇಲ್ಲ. ಕೆಲಸಗಾತಿಯೊಬ್ಬಳ ನಿಜವಾದ ತರಾತುರಿಯಿದೆ. ಈ ದನಿಯನ್ನು ಒಮ್ಮೆ ಗುರುತಿಸಿದವರಿಗೆ ಮಿಕ್ಕ ಕಡೆ ಎಲ್ಲಿ ಅವಳು ರೂಢಿಯ ಮಾತಾಡುತ್ತಾಳೆ, ಎಲ್ಲಿ ಮನದ ಮಾತಾಡುತ್ತಾಳೆ ಎಂಬುದು ತಾನಾಗಿ ತಿಳಿಯುತ್ತದೆ.

ಅವಳು ಹೇಳದೆ ಬಿಟ್ಟ ಸಂಗತಿಯೊಂದೂ ಇದೆ. ಅವಳ ತಾತನು ಯೆಹೂದ್ಯ ಮನೆತನದಿಂದ ಕ್ರೈಸ್ತನಾದವನು. ೧೪೮೫ರಲ್ಲಿ ತೊಲೇದೋ ನಗರದಲ್ಲಿ ಧರ್ಮವಿಚಾರಣಾಸಭೆಯ ದಂಡನೆಗೆ ಗುರಿಯಾದವನು. ಇದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ದಾಖಲೆಗಳಿಂದ ಬೆಳಕಿಗೆ ಬಂದಿತು. ಎಲ್ಲವನ್ನೂ ಹೇಳೆಂದು ಅಪ್ಪಣೆಯಾದವಳು ಇದೊಂದನ್ನು ಹೇಳಲಿಲ್ಲ. ತಂದೆತಾಯಿಗಳು ಧರ್ಮಭೀರುಗಳೆಂದು ತೊಡಗುವ ಆ ಪುಸ್ತಕದ ಮೊದಲ ಪುಟವನ್ನು ಈ ಸಂಗತಿ ತಿಳಿದ ಮೇಲೆ ಮೊದಲಿನಂತೆ ಓದಲಾಗದು. ವಿಧೇಯತೆಗೂ ಒಂದು ಗಡಿಯುಂಟೆಂದು ಈ ಮೌನವು ತೋರಿಸುತ್ತದೆ.

ಅಪ್ಪಣೆಯಿಂದ ಹುಟ್ಟಿದ ಪುಸ್ತಕಕ್ಕೆ ಅಪ್ಪಣೆಯೇ ಸೆರೆಮನೆಯೂ ಆಯಿತು. ಮುನಿದ ಕುಲೀನಸ್ತ್ರೀಯೊಬ್ಬಳ ದೂರಿನ ಮೇಲೆ ಹಸ್ತಪ್ರತಿಯು ಧರ್ಮವಿಚಾರಣಾಸಭೆಯ ವಶಕ್ಕೆ ಹೋಗಿ, ೧೫೮೨ರಲ್ಲಿ ತೆರೇಸಾ ತೀರಿಕೊಂಡಾಗಲೂ ಅಲ್ಲಿಯೇ ಇದ್ದಿತು. ಅಚ್ಚಾದದ್ದು ೧೫೮೮ರಲ್ಲಿ, ಕವಿಯೂ ಪಂಡಿತನೂ ಆದ ಲೂಯಿಸ್ ದೆ ಲೆಯೋನನ ಸಂಪಾದಕತ್ವದಲ್ಲಿ. ಈ ನಡುವೆ ಅವಳು ಕೈಕಟ್ಟಿ ಕುಳಿತಿರಲಿಲ್ಲ. ಹದಿನೇಳು ಮಠಗಳನ್ನು ಸ್ಥಾಪಿಸಿದಳು; ಹೋದ ಪುಸ್ತಕ ಕೈಗೆ ಸಿಕ್ಕದಾದಾಗ ಮತ್ತೊಂದನ್ನು ಬರೆಯೆಂದು ಗುರುವೊಬ್ಬನು ಹೇಳಲು ೧೫೭೭ರಲ್ಲಿ 'ಅಂತರಂಗದ ಕೋಟೆ' ಎಂಬುದನ್ನು ಆರೇ ತಿಂಗಳೊಳಗೆ ಮುಗಿಸಿದಳು. ಅಪ್ಪಣೆಯನ್ನು ಹೇಗೆ ಬಳಸಿಕೊಳ್ಳಬೇಕೆಂಬುದು ಅಷ್ಟು ಹೊತ್ತಿಗೆ ಅವಳಿಗೆ ಚೆನ್ನಾಗಿ ತಿಳಿದಿತ್ತು.

೩

ಹುವಾನಾ ಇನೆಸಳ ಬರಹಕ್ಕೆ ಬಂದರೆ ಬೇರೆಯೇ ಹವೆ. ತೆರೇಸಾ ಮಾತಿನಂತೆ ಬರೆಯುವವಳು; ಹುವಾನಾ ಪಾಂಡಿತ್ಯದ ಕತ್ತಿಯನ್ನು ಝಳಪಿಸುವವಳು. ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಹುಟ್ಟಿ, ಮೂರು ವರ್ಷಕ್ಕೇ ಅಕ್ಷರ ಕಲಿತು, ತಾತನ ಪುಸ್ತಕಗಳನ್ನೆಲ್ಲ ಓದಿ, ವೈಸರಾಯಿಯ ಅರಮನೆಯಲ್ಲಿ ಮೆರೆದು, ೧೬೬೯ರಲ್ಲಿ ಸಂತ ಜೆರೋಮನ ಹೆಸರಿನ ಮಠದಲ್ಲಿ ಕನ್ಯಾಸ್ತ್ರೀಯಾದಳು. ಮದುವೆ ತನಗೆ ಒಗ್ಗದು, ಇದ್ದ ದಾರಿಗಳಲ್ಲಿ ಮಠವೇ ಮೇಲು ಎಂದು ಬಿಚ್ಚುನುಡಿಯಲ್ಲಿಯೇ ಹೇಳಿಕೊಂಡಿದ್ದಾಳೆ. ಕವಿತೆಗಳನ್ನೂ ನಾಟಕಗಳನ್ನೂ ಬರೆದು ಸ್ಪೇನಿನ ವರೆಗೂ ಹೆಸರಾದಳು.

೧೬೯೦ರಲ್ಲಿ ಒಂದು ಪ್ರಸಂಗ ನಡೆಯಿತು. ಪೋರ್ಚುಗೀಸ್ ಜೆಸುವಿಟ್ ಪಂಡಿತ ವಿಯೇರನ ಉಪದೇಶವೊಂದನ್ನು ಅವಳು ಖಂಡಿಸಿ ಬರೆದುದನ್ನು ಪ್ವೆಬ್ಲಾ ನಗರದ ಬಿಷಪ್ಪರು ಅವಳಿಗೆ ತಿಳಿಸದೆಯೇ ಅಚ್ಚು ಮಾಡಿಸಿದರು. ಅದರ ಜೊತೆಗೆ, 'ಸೋರ್ ಫಿಲೋತೆಯಾ' ಎಂಬ ಕನ್ಯಾಸ್ತ್ರೀಯ ಹೆಸರನ್ನು ಇಟ್ಟುಕೊಂಡು, ಲೌಕಿಕ ವಿದ್ಯೆಯನ್ನು ಬಿಟ್ಟು ದೇವರ ಕಡೆಗೆ ತಿರುಗೆಂದು ಬುದ್ಧಿ ಹೇಳುವ ಕಾಗದವನ್ನೂ ಸೇರಿಸಿದರು. ಹೆಂಗಸಿನ ವೇಷ ತೊಟ್ಟ ಬಿಷಪ್ಪರಿಗೆ ಉತ್ತರ ಕೊಡುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದನ್ನು ವಾಚಕರೇ ಊಹಿಸಬಹುದು. ವೇಷವನ್ನು ಕಂಡೂ ಕಾಣದವಳಂತೆ, ಸಮಾನಳಾದ ಸೋದರಿಯೊಡನೆ ಮಾತನಾಡುವ ಸಲಿಗೆಯನ್ನು ಹುವಾನಾ ಪಡೆದುಕೊಂಡಳು. ಅಪ್ಪಣೆ ಕೊಟ್ಟವನ ವೇಷವೇ ಅವಳಿಗೆ ಅಡ್ಡಗೋಡೆಯೂ ಆಯಿತು, ಬಾಗಿಲೂ ಆಯಿತು. ೧೬೯೧ನೆಯ ಮಾರ್ಚ್ ಒಂದನೆಯ ತಾರೀಖಿನ ಆ ಉತ್ತರವು ಕಾಗದವೇ ಆದರೂ ಆತ್ಮಕಥೆಯೂ ಹೌದು, ಹೆಣ್ಣಿನ ವಿದ್ಯಾಧಿಕಾರವನ್ನು ಕುರಿತ ವಾದವೂ ಹೌದು.

ಇದರ ಸೊಗಸು ವ್ಯಾಜಸ್ತುತಿಯಲ್ಲಿದೆ. ತಾನು ಎಂದೂ ಸ್ವಂತ ಇಚ್ಛೆಯಿಂದ ಬರೆದವಳಲ್ಲ, ಪರರ ಒತ್ತಾಯಕ್ಕೆ ಬರೆದವಳು ಎಂದು ಅವಳು ವಿನಯದಿಂದ ಹೇಳಿ, 'ಕನಸು' ಎಂಬ ಒಂದು ಅಲ್ಪವಾದ ಕಾಗದವನ್ನು ಮಾತ್ರ ಇದಕ್ಕೆ ಹೊರತಾಗಿಡುತ್ತಾಳೆ. ಆ ಅಲ್ಪವಾದ ಕಾಗದವು ಒಂಬೈನೂರ ಎಪ್ಪತ್ತೈದು ಪಂಕ್ತಿಗಳ, ಅವಳ ಅತಿ ಗಹನವಾದ ಮಹಾಕಾವ್ಯ! ಜಗತ್ತನ್ನೆಲ್ಲ ಒಂದೇ ನೋಟದಲ್ಲಿ ತಿಳಿಯಬೇಕೆಂದು ಹೊರಟ ಆತ್ಮದ ರಾತ್ರಿಯ ಪ್ರಯಾಣವನ್ನು ಹೇಳತಕ್ಕದ್ದು. ವಾಚ್ಯಾರ್ಥದಲ್ಲಿ ವಿಧೇಯತೆ, ಧ್ವನಿಯಲ್ಲಿ, 'ನನ್ನದೆಂಬುದು ಇದೊಂದು ಉಂಟು, ಅದನ್ನು ಯಾರೂ ಹೇಳಿ ಬರೆಸಲಿಲ್ಲ' ಎಂಬ ಘೋಷಣೆ. ಪತ್ರದ ಮೊದಲಲ್ಲಿ ಮೌನದ ವಿಷಯವಾಗಿ ಅವಳು ಹೇಳುವ ಮಾತೂ ಹೀಗೆಯೇ: ಮೌನವಾಗಿರುವುದಾದರೆ ಏಕೆ ಮೌನವೆಂದಾದರೂ ಹೇಳಿಡಬೇಕು, ಇಲ್ಲವಾದರೆ ಹೇಳಲು ಏನೂ ಇರಲಿಲ್ಲವೆಂದು ಲೋಕ ತಿಳಿದೀತು ಎಂಬ ಭಾವ.

ತನ್ನ ಬಾಲ್ಯವನ್ನು ಹೇಳುವ ಭಾಗವು ಅತ್ಯಂತ ಹೃದ್ಯವಾಗಿದೆ. ಬೆಣ್ಣೆಗಿಣ್ಣು ತಿಂದರೆ ಬುದ್ಧಿ ಮಂದವಾಗುವುದೆಂದು ಕೇಳಿ ಅದನ್ನು ಬಿಟ್ಟದ್ದು. ಗಂಡುಡುಗೆ ತೊಡಿಸಿ ವಿಶ್ವವಿದ್ಯಾಲಯಕ್ಕೆ ಕಳುಹಿಸೆಂದು ತಾಯಿಯನ್ನು ಪೀಡಿಸಿದ್ದು. ಲ್ಯಾಟಿನ್ ಕಲಿಯುವಾಗ ಇಂತಿಷ್ಟು ದಿನದೊಳಗೆ ಇಂತಿಷ್ಟು ಪಾಠ ಬಾರದಿದ್ದರೆ ತಲೆಗೂದಲನ್ನು ಕತ್ತರಿಸಿಕೊಂಡದ್ದು, ಅರಿವಿಲ್ಲದ ತಲೆಗೆ ಕೂದಲಿನ ಸಿಂಗಾರವೇಕೆಂದು. ಮಠದ ಹಿರಿಯಳೊಬ್ಬಳು ಓದು ಪಾಪವೆಂದು ಮೂರು ತಿಂಗಳು ಪುಸ್ತಕ ಮುಟ್ಟಬಾರದೆಂದಳು. ಹುವಾನಾ ವಿಧೇಯಳಾದಳು. ಪುಸ್ತಕ ಮುಟ್ಟಲಿಲ್ಲ, ಕಂಡ ವಸ್ತುಗಳನ್ನೇ ಓದತೊಡಗಿದಳು. ಮಕ್ಕಳು ಬುಗುರಿ ಆಡುವಾಗ ನೆಲಕ್ಕೆ ಹಿಟ್ಟು ಉದುರಿಸಿ ಅದು ಬರೆಯುವ ಸುರುಳಿಯನ್ನು ನೋಡಿದಳು. ಅಡುಗೆಮನೆಯಲ್ಲಿ ಮೊಟ್ಟೆಯು ಕೊಬ್ಬಿನಲ್ಲಿ ಗಟ್ಟಿಯಾಗಿ, ಸಕ್ಕರೆಪಾಕದಲ್ಲಿ ಚೂರಾಗುವುದನ್ನು ವಿಚಾರಿಸಿದಳು. ಅರಿಸ್ಟಾಟಲನು ಅಡುಗೆ ಮಾಡಿದ್ದರೆ ಇನ್ನೂ ಹೆಚ್ಚು ಬರೆಯುತ್ತಿದ್ದನೆಂದು ನಕ್ಕಳು. ಇದು ಬರಿಯ ವಿನೋದವಲ್ಲ. ಆಜ್ಞೆಯ ಅಕ್ಷರವನ್ನು ಪಾಲಿಸಿಯೇ ಆಜ್ಞೆಯು ವ್ಯರ್ಥವೆಂದು ತೋರಿಸುವ ಪ್ರಮಾಣ. ನೀವು ಪುಸ್ತಕವನ್ನು ಕಸಿದುಕೊಳ್ಳಬಹುದು, ಲೋಕವನ್ನು ಎಲ್ಲಿ ಅಡಗಿಸುವಿರಿ?

ಮುಂದೆ ವಾದದ ಭಾಗ. ಧರ್ಮಗ್ರಂಥದಿಂದಲೂ ಪುರಾತನ ಇತಿಹಾಸದಿಂದಲೂ ವಿದುಷಿಯರ ಪಟ್ಟಿ ಮಾಡುತ್ತಾಳೆ. ಅದರಲ್ಲಿ ನಮ್ಮ ಹಿರಿಯ ತೆರೇಸಳೂ ಇದ್ದಾಳೆ. ಅವಳು ಬರೆದುದನ್ನು ಧರ್ಮಸಭೆ ಒಪ್ಪಿತಲ್ಲವೇ ಎಂಬುದು ಪ್ರಶ್ನೆ. ಸೆರೆಯಲ್ಲಿ ಕೊಳೆಯಬೇಕಾಗಿದ್ದ ಪುಸ್ತಕವೊಂದು ನೂರು ವರ್ಷದ ಮೇಲೆ ಕಡಲಾಚೆಯ ಮತ್ತೊಬ್ಬಳಿಗೆ ಆಧಾರವಾದದ್ದು ಗಮನಿಸತಕ್ಕದ್ದು. ವಯಸ್ಸಾದ ವಿದುಷಿಯರು ಹುಡುಗಿಯರಿಗೆ ಪಾಠ ಹೇಳಿದರೆ ಹೆತ್ತವರ ಚಿಂತೆ ತಪ್ಪುವುದೆಂಬ ಅವಳ ಸಲಹೆ ಇಂದು ಸಾಮಾನ್ಯವೆನಿಸಿದರೂ ಆ ಕಾಲಕ್ಕೆ ದಿಟ್ಟತನದ್ದು. ಈ ಭಾಗದಲ್ಲಿ ಲ್ಯಾಟಿನ್ ಉದ್ಧೃತಿಗಳ ಭಾರ ಹೆಚ್ಚಾಗಿ, ಬಾಲ್ಯದ ಪುಟಗಳ ಲವಲವಿಕೆ ಕುಗ್ಗುತ್ತದೆ ಎಂಬುದು ನಿಜ. ಆದರೆ ನ್ಯಾಯಸ್ಥಾನದಲ್ಲಿ ಸಾಕ್ಷಿಗಳ ಸಂಖ್ಯೆ ಹೆಚ್ಚಾಯಿತೆಂದು ದೂರುವುದು ಸಲ್ಲದು.

೧೯೮೦ರಲ್ಲಿ ಮೊಂತೆರ್ರೆ ನಗರದಲ್ಲಿ ಅವಳದೆನ್ನಲಾದ ಮತ್ತೊಂದು ಕಾಗದದ ಪ್ರತಿ ದೊರೆಯಿತು. ಅದು ಈ ಪ್ರಸಂಗಕ್ಕೆ ಹಲವು ವರ್ಷ ಮುಂಚೆ, ತನ್ನನ್ನು ಹಳಿಯುತ್ತಿದ್ದ ಗುರುವಿಗೆ ಬರೆದದ್ದು. ಅದರಲ್ಲಿ ವ್ಯಾಜವೂ ಇಲ್ಲ, ಸ್ತುತಿಯೂ ಇಲ್ಲ; ಇನ್ನು ನಿಮ್ಮ ಉಪದೇಶ ಬೇಡವೆಂಬ ನೇರವಾದ ಮಾತು. ಅದನ್ನು ಅವಳದೆಂದು ಒಪ್ಪಿದ ಬಹುಮಂದಿ ವಿದ್ವಾಂಸರಿಗೆ, ಬಿಷಪ್ಪರಿಗೆ ಕೊಟ್ಟ ಉತ್ತರದ ವಿನಯವು ಎಷ್ಟು ಎಚ್ಚರದಿಂದ ಹೆಣೆದುದೆಂಬುದು ಸ್ಪಷ್ಟವಾಯಿತು.

ಫಲವೇನಾಯಿತು? ಉತ್ತರಪತ್ರವು ಅವಳ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ೧೭೦೦ರಲ್ಲಿ ಮಾತ್ರ ಮ್ಯಾಡ್ರಿಡ್ಡಿನಲ್ಲಿ ಹೊರಬಂದಿತು. ಕಡೆಯ ವರ್ಷಗಳಲ್ಲಿ ಅವಳು ತನ್ನ ಪುಸ್ತಕಭಂಡಾರವನ್ನು ಮಾರಿಸಿ ಬಡವರಿಗೆ ಹಂಚಿಸಿದಳು. ೧೬೯೪ರಲ್ಲಿ ತನ್ನ ವ್ರತಗಳನ್ನು ರಕ್ತದಿಂದ ಸಹಿ ಮಾಡಿ ಮತ್ತೆ ಸ್ವೀಕರಿಸಿದಳು. ಇದು ಹೃದಯಪರಿವರ್ತನೆಯೋ ಒತ್ತಾಯವೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ೧೬೯೫ರ ಏಪ್ರಿಲ್ ಹದಿನೇಳರಂದು, ಮಠಕ್ಕೆ ಹೊಕ್ಕ ಸಾಂಕ್ರಾಮಿಕದಲ್ಲಿ ಸೋದರಿಯರ ಶುಶ್ರೂಷೆ ಮಾಡುತ್ತ ತಾನೂ ಅದಕ್ಕೆ ಬಲಿಯಾದಳು. ಬಂಡಾಯಗಾರ್ತಿಯೆಂದು ಮಾತ್ರ ಅವಳನ್ನು ಹೊಗಳುವವರು ಈ ಸಾವನ್ನು ಬೇಗ ದಾಟಿಬಿಡುತ್ತಾರೆ. ಪುಣ್ಯವತಿಯೆಂದು ಹೊಗಳುವವರು ಆ ಪುಸ್ತಕಗಳನ್ನು ಬೇಗ ದಾಟಿಬಿಡುತ್ತಾರೆ. ಎರಡರ ಮುಂದೆಯೂ ನಿಲ್ಲುವುದೇ ವಿಮರ್ಶಕನ ಕರ್ತವ್ಯ.

೪

ಕಿರಿಯ ತೆರೇಸಳ ಪುಸ್ತಕವನ್ನು ಮೊದಲು ಕೈಗೆತ್ತಿಕೊಂಡ ಓದುಗರಿಗೆ, ಈ ಇಬ್ಬರ ಪಕ್ಕದಲ್ಲಿ ಇವಳೇಕೆ ಎನಿಸಬಹುದು. ೧೮೭೩ರಲ್ಲಿ ಹುಟ್ಟಿ, ಹದಿನೈದಕ್ಕೆ ಮಠ ಸೇರಿ, ಇಪ್ಪತ್ತನಾಲ್ಕಕ್ಕೆ ಕ್ಷಯದಿಂದ ಸತ್ತವಳು. ಮಠ ಕಟ್ಟಲಿಲ್ಲ, ವಾದ ಮಾಡಲಿಲ್ಲ. ಅದೇ ಮಠದಲ್ಲಿ ಅವಳ ಸ್ವಂತ ಅಕ್ಕಂದಿರಿದ್ದರು. ಬಿಡುವಿನ ಹೊತ್ತಿನಲ್ಲಿ ಅವಳು ಬಾಲ್ಯದ ಕಥೆಗಳನ್ನು ಹೇಳುತ್ತಿದ್ದುದನ್ನು ಕೇಳಿದ ಹಿರಿಯಕ್ಕನು, ಆಗ ಮಠಾಧಿಕಾರಿಣಿಯಾಗಿದ್ದ ಮತ್ತೊಬ್ಬ ಅಕ್ಕನಿಗೆ, ಇದನ್ನು ಬರೆಯಿಸು ಎಂದಳು. ಹೀಗೆ ಇಲ್ಲಿ ಅಪ್ಪಣೆಯು ಮಮತೆಯ ರೂಪದಲ್ಲಿ ಬಂದಿತು. ಅಗ್ಗದ ಶಾಲಾಪುಸ್ತಕಗಳಲ್ಲಿ ತುಣುಕು ತುಣುಕಾದ ಬಿಡುವಿನಲ್ಲಿ ಬರೆದಳು.

ಹೂವು, ಗೊಂಬೆ, ಚೆಂಡು, ಪುಟ್ಟ ಹಕ್ಕಿ—ಇಂಥ ಮಾತುಗಳು ಅವಳಲ್ಲಿ ಬೇಕಾದುದಕ್ಕಿಂತ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಭಕ್ತಿಸಾಹಿತ್ಯದ ಸಕ್ಕರೆಯ ಅಂಟು ಕೈಗೆ ಹತ್ತುತ್ತದೆ. ಆದರೆ ತಾಳ್ಮೆಯಿಂದ ಓದಿದರೆ ಆ ಅಂಟಿನ ಕೆಳಗೆ ಕಬ್ಬಿಣ ಸಿಕ್ಕುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದೆ ಕುಳಿತ ಸೋದರಿಯೊಬ್ಬಳು ಮಾಡುತ್ತಿದ್ದ ಕಿರಿಕಿರಿಯ ಸದ್ದಿಗೆ ಬೆವೆತು ಬೇಸತ್ತು, ಕಡೆಗೆ ಅದನ್ನೇ ಸಂಗೀತವೆಂದು ಕೇಳಲು ಕುಳಿತದ್ದು. ಬಟ್ಟೆ ಒಗೆಯುವಾಗ ಎದುರಿನವಳು ಮುಖಕ್ಕೆ ಕೊಳೆನೀರು ಎರಚುತ್ತಿದ್ದರೂ ಹಿಂದೆ ಸರಿಯದೆ ನಿಂತದ್ದು. ಗೊಣಗುವ ಮುದುಕಿಯೊಬ್ಬಳನ್ನು ದಿನವೂ ಕೈಹಿಡಿದು ಊಟದ ಮನೆಗೆ ನಡೆಸಿಕೊಂಡು ಹೋದದ್ದು. ಇಪ್ಪತ್ತು ಇಪ್ಪತ್ತೈದು ಹೆಂಗಸರು ಒಂದೇ ಗೋಡೆಯೊಳಗೆ ಜೀವಮಾನವೆಲ್ಲ ಕಳೆಯುವುದೆಂದರೆ ಏನೆಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಪುಸ್ತಕಗಳು ವಿರಳ. ಅವಿಭಕ್ತ ಕುಟುಂಬಗಳಲ್ಲಿ ಬಾಳಿದ ನಮ್ಮ ಗೃಹಿಣಿಯರು ಈ ಪುಟಗಳನ್ನು ಓದಿ ಮುಗುಳುನಗದೆ ಇರರು. ಇಟಲಿಯ ಪ್ರವಾಸದಲ್ಲಿ ಶ್ರೀಮಂತರ ಮನೆಗಳಲ್ಲಿ ಮೆಟ್ಟಿಲಿನ ಬದಲು ಕಂಡ ಲಿಫ್ಟ್ ಎಂಬ ಯಂತ್ರವನ್ನು ಹೋಲಿಕೆಗೆ ತಂದು, ಏರಲಾರದ ಸಣ್ಣವಳನ್ನು ಎತ್ತಿಕೊಳ್ಳುವ ದೇವರ ತೋಳುಗಳೇ ತನ್ನ ಲಿಫ್ಟ್ ಎನ್ನುತ್ತಾಳೆ. ಹಿರಿಯ ತೆರೇಸಳ ಮಳೆಗೂ ಇದಕ್ಕೂ ಭಾವ ಒಂದೇ. ಕಾಲ ಮಾತ್ರ ಬೇರೆ.

ಪುಸ್ತಕದ ಕೊನೆಯ ಭಾಗವು ೧೮೯೭ರ ಜೂನ್ ಜುಲೈ ತಿಂಗಳುಗಳದು. ಆಗ ಅವಳು ಸಾಯುತ್ತಿದ್ದಳು. ಹೊರಗಿನ ತೋಟದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಬರೆಯುವಾಗ ಬಂದು ಹೋಗುವವರೆಲ್ಲ ಮಾತನಾಡಿಸಿ, ಹತ್ತು ಸಾಲನ್ನು ತಡೆಯಿಲ್ಲದೆ ಬರೆಯಲು ಬಿಡಲಿಲ್ಲವೆಂದು ನಗುತ್ತ ಹೇಳುತ್ತಾಳೆ. ಅದೇ ಪುಟಗಳಲ್ಲಿ, ಹಿಂದಿನ ವರ್ಷದ ಈಸ್ಟರಿನಿಂದ ತನ್ನ ನಂಬಿಕೆಯ ಮೇಲೆ ಕವಿದ ಕತ್ತಲನ್ನು ಹೇಳುತ್ತಾಳೆ. ಸಾವಿನ ಆಚೆ ಬೆಳಕಿಲ್ಲ, ಇನ್ನೂ ದಟ್ಟವಾದ ಶೂನ್ಯದ ರಾತ್ರಿಯೇ ಇದೆಯೆಂದು ಆ ಕತ್ತಲು ಅಣಕಿಸಿತಂತೆ. ಇಷ್ಟು ಹೇಳಿ, ಇನ್ನು ಹೇಳಿದರೆ ದೈವನಿಂದೆಯಾದೀತೆಂದು ನಿಲ್ಲಿಸುತ್ತಾಳೆ. ಹೂವು ಗೊಂಬೆಗಳ ಭಾಷೆಯಲ್ಲಿ ಬೆಳೆದವಳು ಆ ಭಾಷೆ ಕೈಕೊಟ್ಟ ಕಡೆ ನಿಂತು, ಅಲ್ಲಿ ಕಂಡುದನ್ನು ಮರೆಮಾಚದೆ ಹೇಳಿದಳು. ಕೊನೆಯ ಸಾಲುಗಳು ಪೆನ್ಸಿಲಿನವು. ಮಸಿಯ ಲೇಖನಿಯನ್ನು ಹಿಡಿಯುವ ಶಕ್ತಿ ಆಗ ಇರಲಿಲ್ಲ.

ಸತ್ತ ಒಂದು ವರ್ಷಕ್ಕೆ, ೧೮೯೮ರಲ್ಲಿ, ಪುಸ್ತಕವು ಎರಡು ಸಾವಿರ ಪ್ರತಿ ಅಚ್ಚಾಯಿತು. ಮುಂದೆ ಲೋಕದ ಅನೇಕ ಭಾಷೆಗಳಿಗೆ ಹೋಯಿತು. ಆದರೆ ಅಚ್ಚಾದದ್ದು ಅವಳು ಬರೆದುದಲ್ಲ. ಅಪ್ಪಣೆ ಕೊಟ್ಟ ಅಕ್ಕನೇ ಸಾವಿರಾರು ಕಡೆ ತಿದ್ದಿದ್ದಳು, ಮೂರು ಕಾಲದಲ್ಲಿ ಮೂವರಿಗೆ ಬರೆದುದನ್ನು ಒಬ್ಬಳಿಗೇ ಬರೆದಂತೆ ಮಾಡಿದ್ದಳು, ಒರಟಾದುದನ್ನು ನಯಗೊಳಿಸಿದ್ದಳು. ಸಾಯುವ ಮುಂಚೆ ತಂಗಿಯೇ ತಿದ್ದಲು ಒಪ್ಪಿಗೆ ಕೊಟ್ಟಿದ್ದಳೆಂಬುದನ್ನೂ ಹೇಳಬೇಕು. ಮೂಲ ಹಸ್ತಪ್ರತಿಗಳು ಇದ್ದ ಹಾಗೆಯೇ ಹೊರಬಂದುದು ೧೯೫೬ರಲ್ಲಿ. ಐವತ್ತೆಂಟು ವರ್ಷ ಲೋಕವು ಓದಿ ಕಣ್ಣೀರಿಟ್ಟುದು ಅಕ್ಕನ ಕೈಯ ತಂಗಿಯನ್ನು. ಸಕ್ಕರೆಯೆಂದು ನಾವು ಮೇಲೆ ದೂರಿದುದರಲ್ಲಿ ಎಷ್ಟು ಪಾಲು ತಂಗಿಯದು, ಎಷ್ಟು ಪಾಲು ತಿದ್ದಿದವಳದು ಎಂಬುದನ್ನು ಇನ್ನು ಮೇಲೆ ಬೇರ್ಪಡಿಸಿಯೇ ಮಾತನಾಡಬೇಕು. ತೀರ್ಪು ಕೊಡುವ ಮುನ್ನ ಪಾಠಶೋಧನೆ ಆಗಬೇಕೆಂಬ, ನಮ್ಮ ಹಳಗನ್ನಡ ಪಂಡಿತರು ಬಲ್ಲ ಧರ್ಮವು ಇಲ್ಲಿಯೂ ಸಲ್ಲುತ್ತದೆ. ಪ್ರೀತಿಯ ಅಪ್ಪಣೆಯು ಅಧಿಕಾರದ ಅಪ್ಪಣೆಗಿಂತ ಕಡಮೆ ಬಲವುಳ್ಳದ್ದೆಂದು ತಿಳಿಯಬಾರದು.

೫

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಪ್ಪಣೆಯು ಕೈಯನ್ನು ಕಟ್ಟಿತೇ ಬಿಚ್ಚಿತೇ? ಮೂರು ಕೃತಿಗಳಲ್ಲಿಯೂ ಸಮಾನವಾದ ಒಂದು ಗುಣವಿದೆ: ಯಾವುದೂ ಗಾಳಿಗೆ ಹೇಳಿದ ಮಾತಲ್ಲ. ಪ್ರತಿಯೊಂದರಲ್ಲಿಯೂ ಎದುರಿಗೆ ಒಬ್ಬ ಕೇಳುಗನುಂಟು—ಪರೀಕ್ಷಿಸುವ ಗುರು, ವೇಷ ತೊಟ್ಟ ಬಿಷಪ್ಪ, ಮುದ್ದಿಸುವ ಅಕ್ಕ. ಆ ಕೇಳುಗನಿದ್ದುದರಿಂದಲೇ ಈ ಗದ್ಯಕ್ಕೆ ಉಸಿರು ಬಂದಿತು. ಹೆದರಿಕೆ, ಲೆಕ್ಕಾಚಾರ, ಸಲಿಗೆ, ನಗು ಎಲ್ಲವೂ ಅವನ ಕಡೆಗೆ ತಿರುಗಿದುವೇ. ಅಪ್ಪಣೆಯಿಲ್ಲದಿದ್ದರೆ ಈ ಮೂವರೂ ಬಾಯಿ ತೆರೆಯುತ್ತಿದ್ದರೆಂದು ನಂಬಲು ಆಧಾರವಿಲ್ಲ, ಹುವಾನಳೊಬ್ಬಳು ತೆರೆಯುತ್ತಿದ್ದಳೇನೋ. ಆದುದರಿಂದ ಅಪ್ಪಣೆಯು ಕೈಯನ್ನು ಬಿಚ್ಚಿತೆಂದೇ ಹೇಳಬೇಕು.

ಆದರೆ ಬಿಚ್ಚಿದ ಕೈಯೇ ಬರೆದುದನ್ನು ಎತ್ತಿಕೊಂಡಿತು. ಒಬ್ಬಳ ಪುಸ್ತಕವನ್ನು ಬೀಗ ಹಾಕಿಟ್ಟಿತು. ಒಬ್ಬಳ ಉತ್ತರವನ್ನು ಸಾಯುವ ತನಕ ಕತ್ತಲೆಯಲ್ಲಿಟ್ಟಿತು. ಒಬ್ಬಳ ಮಾತನ್ನು ತಿದ್ದಿ ಬೇರೆ ಮಾಡಿತು. ಬರೆಯೆಂದು ಹೇಳಬಲ್ಲವನು ಬರೆದುದು ತನ್ನದೆಂದು ತಿಳಿಯುತ್ತಾನೆ. ಅಪ್ಪಣೆಯು ಹೆರಿಗೆ ಮಾಡಿಸಬಲ್ಲ ಸೂಲಗಿತ್ತಿಯೇ ಹೌದು. ಆದರೆ ಮಗುವನ್ನು ತಾಯಿಯ ಮಡಿಲಿಗೆ ಕೊಡಲು ಅದಕ್ಕೆ ಮನಸ್ಸು ಬಾರದು. ಹಿರಿಯ ತೆರೇಸಳಿಗೆ ೧೯೭೦ರಲ್ಲಿಯೂ ಕಿರಿಯಳಿಗೆ ೧೯೯೭ರಲ್ಲಿಯೂ ರೋಮಿನ ಪೀಠವು ಧರ್ಮಸಭೆಯ ಆಚಾರ್ಯರೆಂಬ ಪದವಿಯನ್ನು ಕೊಟ್ಟಿತು. ೧೯೭೦ಕ್ಕೆ ಮುಂಚೆ ಆ ಪದವಿ ಯಾವ ಹೆಣ್ಣಿಗೂ ಸಂದಿರಲಿಲ್ಲ. ಕೇಳಿ ಪರೀಕ್ಷಿಸಹೊರಟವರ ಪೀಠವೇ ಅವರಿಂದ ಕಲಿಯುವೆವೆಂದು ಒಪ್ಪಿತು. ನ್ಯಾಯ ತಡವಾಗಿಯಾದರೂ ಬಂದಿತೆನ್ನಬಹುದು.

ಈ ಪರಂಪರೆಗೂ ನಮ್ಮ ನೆಲಕ್ಕೂ ನಂಟಿಲ್ಲದಿಲ್ಲ. ಹಿರಿಯ ತೆರೇಸಳು ತಿದ್ದಿ ನಡೆಸಿದ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ೧೮೭೦ರಲ್ಲಿ ಫ್ರಾನ್ಸಿನಿಂದ ಕಡಲು ದಾಟಿ ಮಂಗಳೂರಿಗೆ ಬಂದರು. ಕೆಲವರು ಹಾದಿಯಲ್ಲಿಯೇ ತೀರಿಕೊಂಡರು. ಬಂದವರಲ್ಲಿ ಪ್ಯಾಲೆಸ್ಟೈನಿನ ಮರಿಯಮ್ ಬವಾರ್ದಿ ಎಂಬ ತರುಣಿಯೊಬ್ಬಳು ೧೮೭೧ರಲ್ಲಿ ಮಂಗಳೂರಿನಲ್ಲಿಯೇ ಕಡೆಯ ವ್ರತಗಳನ್ನು ಹಿಡಿದಳು. ಓದುಬರಹ ಸರಿಯಾಗಿ ಬಾರದ ಅವಳ ಮಾತುಗಳನ್ನು ಇತರರು ಬರೆದಿಟ್ಟರು. ೨೦೧೫ರಲ್ಲಿ ಅವಳನ್ನು ಸಂತಳೆಂದು ಸಾರಲಾಯಿತು. ಅದೇ ಕಾರ್ಮೆಲ್ ಬಳಗದ ಬೋಧಕ ಸೋದರಿಯರು ೧೯೨೧ರಲ್ಲಿ ಆ ಊರಿನಲ್ಲಿ ಹೆಣ್ಣುಮಕ್ಕಳಿಗೆಂದು ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ವಿದುಷಿಯರು ಹುಡುಗಿಯರಿಗೆ ಪಾಠ ಹೇಳಲಿ ಎಂದು ಹುವಾನಾ ಕೇಳಿಕೊಂಡದ್ದು ಕರಾವಳಿಯ ನಮ್ಮ ಮನೆಗಳ ಮಕ್ಕಳಿಗೆ ಈ ಬಗೆಯಲ್ಲಿ ದೊರೆಯಿತು.

ಹುವಾನಾ ಮೆಕ್ಸಿಕೋದಲ್ಲಿ ಬರೆಯುತ್ತಿದ್ದ ಕಾಲಕ್ಕೇ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದ ಹೊನ್ನಮ್ಮನು 'ಹದಿಬದೆಯ ಧರ್ಮ'ವನ್ನು ರಚಿಸುತ್ತಿದ್ದಳು. ಅದೂ ಅರಮನೆಯ ಅಪ್ಪಣೆಯ ಬರಹವೇ. ಪತಿವ್ರತೆಯ ಧರ್ಮವನ್ನು ಹೇಳೆಂದರೆ, ಹೇಳುತ್ತ ಹೇಳುತ್ತಲೇ ಹೆಣ್ಣನ್ನು ಹೀನವೆನ್ನುವವರನ್ನು ಅವಳು ತಡೆದು ಕೇಳಿದಳೆಂಬುದನ್ನು ಕನ್ನಡಿಗರೆಲ್ಲರೂ ಬಲ್ಲರು. ಸಮುದ್ರದ ಆಚೆ ಈಚೆ ಒಂದೇ ಕಾಲದಲ್ಲಿ ಇಬ್ಬರು ಹೆಂಗಸರು, ಒಬ್ಬರ ಸುದ್ದಿ ಒಬ್ಬರಿಗಿಲ್ಲದೆ, ಅಪ್ಪಣೆಯ ಚೌಕಟ್ಟಿನೊಳಗೆ ಒಂದೇ ಪ್ರಶ್ನೆಯನ್ನು ಎತ್ತಿದರು.

ನಮ್ಮ ಸಂಸಾರಗಳಲ್ಲಿ ಎಷ್ಟೋ ಅಜ್ಜಿಯರಿಗೆ, ಅತ್ತೆಯರಿಗೆ, ವಿಧವೆಯರಾಗಿ ಅಡುಗೆಮನೆಯಲ್ಲಿ ಬಾಳು ಸವೆಸಿದವರಿಗೆ ಹೇಳುವುದು ಇರಲಿಲ್ಲವೆಂದು ಯಾರು ಹೇಳುವರು? ಅವರಿಗೆ ಗುರುವಾಗಲಿ ಅರಸನಾಗಲಿ ಅಕ್ಕನಾಗಲಿ 'ಬರೆ' ಎನ್ನಲಿಲ್ಲ. ಏಕೆ ಮೌನವೆಂದು ಹೇಳಿಡುವುದಕ್ಕೂ ಅವರಿಗೆ ಎಡೆಯಿರಲಿಲ್ಲ. ಆ ಮಾತನ್ನು ಇನ್ನಾದರೂ ನಾವೇ ಹೇಳಬೇಕು. ಹೇಳಿದ ಮೇಲೆ, ಅವರು ಬರೆದುದನ್ನು ಬೀಗ ಹಾಕದೆ, ತಿದ್ದದೆ, ಅವರ ಕೈಯಲ್ಲಿಯೇ ಬಿಡುವುದನ್ನೂ ಕಲಿಯಬೇಕು.